ಗಡಿಬಿಡಿಗೆ ಎರಡು ಸಲ

ಗುರುವಾರ, ಮೇ ೨೧

ಅಕ್ಕನಿಗೆ ತಮ್ಮನ ನಮಸ್ಕಾರಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಹೋಗುತ್ತ ಬರುತ್ತ ಅದು ನನ್ನನ್ನು ನೋಡುತ್ತಿತ್ತು, ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಸಿಟ್ಟಾಗಬೇಡ. ಈಗ ನನ್ನ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಬಾಟಲಿ; ಪೆನ್ನಿಗೆ ಮೂರನೆಯ ಕೈ ಎಲ್ಲಿಂದ ತರಲಿ? "ಫೋನ್ ಮಾಡಿದ್ರೆ ಆಯ್ತಲ್ಲಪ್ಪ" ಎನ್ನುತ್ತಾಳೆ ಮಗಳು. ಒಂದೇ ಬಸಿರಲ್ಲಿ ಬಂದರೂ ನೀನು ಚಿಕ್ಕಮ್ಮನ ಮನೆಯಲ್ಲಿ, ನಾನು ಅಮ್ಮನ ಹತ್ತಿರ ಬೆಳೆದವರು. ನಾವು ಅಕ್ಕ ತಮ್ಮ ಆದದ್ದೇ ಕಾಗದದಲ್ಲಿ. ಫೋನು ಹಿಡಿದರೆ "ಊಟ ಆಯ್ತಾ", "ಆಯ್ತು", ಅಲ್ಲಿಗೆ ಮುಗಿಯಿತು. ಇದನ್ನು ಅವಳಿಗೆ ಹೇಗೆ ತಿಳಿಸಲಿ?

ಮೊದಲು ಸುದ್ದಿ. ಕೂಸುಗಳಿಗೆ ಈಗ ಐದನೆಯ ವಾರ. ಎರಡೂ ಹೆಣ್ಣು, ಎರಡೂ ಒಂದೇ ಅಚ್ಚು. ಡಾಕ್ಟರು "ಐಡೆಂಟಿಕಲ್" ಎಂದರು. ಕಾಲೇಜಿನಲ್ಲಿ ಈ ಶಬ್ದ ಓದಿದ್ದೆ, ಯಾವುದಕ್ಕೆ ಎಂಬುದು ಮರೆತಿತ್ತು, ಈಗ ಮರೆಯುವಂತಿಲ್ಲ. ಮಗಳಿಗೆ ಆಪರೇಷನ್ನಿನ ಹೊಲಿಗೆ ಕೀವಾಗಿ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಜೋರು ಔಷಧಿ, ಜ್ವರ. ಮನೆಗೆ ಬರುವ ಹೊತ್ತಿಗೆ ಎದೆಹಾಲು ಬತ್ತಿಹೋಗಿತ್ತು. ಹಾಗಾಗಿ ಡಬ್ಬದ ಹಾಲು. ನೀನು ಮೂಗು ಮುರಿಯುವುದು ಇಲ್ಲಿಗೇ ಕಾಣಿಸುತ್ತಿದೆ. ಮುರಿಯಬೇಡ. ಆ ಡಬ್ಬ ಇಲ್ಲದಿದ್ದರೆ ಈ ಕಾಗದವೇ ಬೇರೆ ಥರ ಇರುತ್ತಿತ್ತು.

ಹೆಸರಿನ ವಿಷಯದಲ್ಲಿ ಕೂಸುಗಳ ಅಪ್ಪ ಅಮ್ಮನಿಗೆ ಇನ್ನೂ ರಾಜಿ ಆಗಿಲ್ಲ. ನಾನು ಕಾಯಲಾರದೆ ಹೆಸರಿಟ್ಟುಬಿಟ್ಟೆ: ಒಂದು ಗಡಿಬಿಡಿ, ಇನ್ನೊಂದು ಸಾವಕಾಶ. ಗಡಿಬಿಡಿ ಬಾಟಲಿ ಕಂಡರೆ ಬಸ್ಸು ತಪ್ಪುತ್ತದೇನೋ ಎಂಬವಳ ಹಾಗೆ ಮೇಲೆ ಬೀಳುತ್ತಾಳೆ. ಹಾಲಿನ ಜೊತೆ ಗಾಳಿಯನ್ನೂ ನುಂಗಿ, ಆಮೇಲೆ ಹೊಟ್ಟೆ ಬಿಗಿದು ಕೂಗುತ್ತಾಳೆ. ಸಾವಕಾಶ ನಾಲ್ಕು ಗುಟುಕು ಎಳೆದು ನಿದ್ದೆಗೆ ಜಾರುತ್ತಾಳೆ. ಅಂಗಾಲು ಕೆರೆದು, ಕೆನ್ನೆ ತಟ್ಟಿ, "ಏಳೇ ತಾಯಿ, ಊಟ ಅರ್ಧಕ್ಕೇ ಬಿಟ್ಟೆ" ಎಂದು ಬೇಡಿಕೊಳ್ಳಬೇಕು.

ಡಬ್ಬದ ಮೇಲೆಲ್ಲ ಇಂಗ್ಲಿಷು. "ಲೆವೆಲ್ ಸ್ಕೂಪ್, ನಾಟ್ ಹೀಪ್ಡ್" ಎಂದಿತ್ತು. ಲೆವೆಲ್ ಗೊತ್ತು, ಲಾರಿ ತೂಗುವ ವೇಬ್ರಿಜ್ಜಿನಲ್ಲಿ ಸರ್ವಿಸು ಮುಗಿಸಿದವನಿಗೆ ಅಷ್ಟೂ ಗೊತ್ತಿಲ್ಲದಿದ್ದರೆ ಹೇಗೆ? ಹೀಪ್ಡ್ ಎಂಬುದು ಮಾತ್ರ ನಾಲಿಗೆ ತುದಿಯಲ್ಲಿ ನಿಂತು ಒಳಗೂ ಹೋಗದೆ ಹೊರಗೂ ಬಾರದೆ ಸತಾಯಿಸಿತು. ಮಗಳನ್ನು ಕೇಳಲು ಬಿಗುಮಾನ. ಕೊನೆಗೆ ಚಿತ್ರ ನೋಡಿ ತಿಳಿದುಕೊಂಡೆ: ಚಮಚದಲ್ಲಿ ಪುಡಿ ಗೋಪುರ ಆಗಬಾರದು. ಕುದಿಸಿ ಆರಿಸಿದ ನೀರು ಮೊದಲು, ಪುಡಿ ಆಮೇಲೆ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಬೇಕು. ನಿಪ್ಪಲಿನ ತುಂಬ ಹಾಲು ಇರುವಂತೆ ಬಾಟಲಿ ಓರೆ ಹಿಡಿಯಬೇಕು, ಇಲ್ಲವಾದರೆ ಕೂಸು ಗಾಳಿ ಕುಡಿಯುತ್ತದೆ. ಉಳಿದದ್ದನ್ನು ಚೆಲ್ಲಬೇಕು. ಚೆಲ್ಲುವಾಗ ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲುತ್ತೇನೆ.

ನಿಜವಾದ ಪರೀಕ್ಷೆ ತೇಗಿಸುವುದು. ಅಳಿಯ "ಬರ್ಪ್ ಮಾಡ್ಸಿ ಮಾವ" ಎನ್ನುತ್ತಾನೆ. ನಾವು ಓದಿದ ಇಂಗ್ಲಿಷಿನಲ್ಲಿ ಸೂರ್ಯೋದಯಕ್ಕೆ ಹತ್ತು ಶಬ್ದ ಇದ್ದವು, ತೇಗಿಗೆ ಒಂದೂ ಇರಲಿಲ್ಲ. ಈ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ನನ್ನದು ಹೆಗಲು. ಮನೆಗೆ ಬರುವ ನರ್ಸಮ್ಮ ಕೂಸನ್ನು ತೊಡೆಯ ಮೇಲೆ ಕೂರಿಸಿ, ಗದ್ದಕ್ಕೆ ಕೈಯಾನಿಸಿ, ಬೆನ್ನು ನೀವುತ್ತಾಳೆ. ಅಳಿಯ ಬೇಕರಿಯಲ್ಲಿ ಕೆಲಸ ಮಾಡುವವನು. ತೊಡೆಯ ಮೇಲೆ ಬೋರಲು ಹಾಕಿಕೊಂಡು ಹಿಟ್ಟು ತಟ್ಟಿದ ಹಾಗೆ ತಟ್ಟುತ್ತಾನೆ. "ರೀ, ಅದನ್ನ ಒಲೆಗೆ ಹಾಕ್ಬಿಟ್ಟೀರಾ" ಎಂದು ಮಗಳು ಮಂಚದಿಂದಲೇ ಕೂಗುತ್ತಾಳೆ. ತೇಗು ಬರುವ ತನಕ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಬಂದೊಡನೆ "ಬಂತು!" ಎಂಬ ಸುದ್ದಿ ಅಡುಗೆಮನೆಯ ತನಕ ಹೋಗುತ್ತದೆ. ಎಲೆಕ್ಷನ್ ಗೆದ್ದವರ ಮನೆಯಲ್ಲೂ ಅಷ್ಟು ಸಂತೋಷ ಇರಲಿಕ್ಕಿಲ್ಲ.

ಇನ್ನು ಭಾನುವಾರದ ಸಂಗತಿ. ಇದನ್ನು ಬರೆಯಲೆಂದೇ ಕೂತದ್ದು, ಇಷ್ಟು ಸುತ್ತಿ ಬಂದೆ.

ಗುರುತಿಗೆಂದು ಅಳಿಯ ಗಡಿಬಿಡಿಯ ಕಾಲಿನ ಹೆಬ್ಬೆರಳಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದ. ಅವತ್ತು ಫ್ಯಾನಿನ ಗಾಳಿಗೆ ಪಾದ ತಣ್ಣಗಾಗಿದೆಯೆಂದು ನಾನೇ ಎರಡಕ್ಕೂ ಕಾಲುಚೀಲ ಹಾಕಿದೆ. ಮಗಳು ಮಾತ್ರೆ ನುಂಗಿ ಮಲಗಿದ್ದಳು, ಅಳಿಯ ಕೆಲಸಕ್ಕೆ ಹೋಗಿದ್ದ. ಗಡಿಬಿಡಿಗೆ ಕುಡಿಸಿದೆ, ಹೆಗಲಿಗೆ ಹಾಕಿದೆ, ಅರ್ಧ ತೇಗು ಬಂತು. ಕುಡಿದದ್ದು ಕಿಟಕಿಯ ಕಡೆ, ಕುಡಿಯಬೇಕಾದದ್ದು ಗೋಡೆಯ ಕಡೆ, ಇದು ನನ್ನ ಸಿಸ್ಟಮ್ಮು. ಅಷ್ಟರಲ್ಲಿ ಹಾಸಿಗೆ ಒದ್ದೆ. ಎರಡನ್ನೂ ಎತ್ತಿ, ಬಟ್ಟೆ ಬದಲಾಯಿಸಿ, ಮತ್ತೆ ಮಲಗಿಸಿದೆ. ಮಲಗಿಸುವಾಗ ಕಿಟಕಿ ಗೋಡೆ ಅದಲುಬದಲಾಯಿತು. ಎರಡನೆಯ ಬಾಟಲಿ ಕಲಸಿಕೊಂಡು ಬಂದರೆ ಗೋಡೆಯ ಕಡೆಯದು ಅಳುತ್ತಿದೆ. ಉಳಿದರ್ಧ ತೇಗಿಗೆ ಅಳುತ್ತಿದೆ ಎಂದು ನನಗೇನು ಗೊತ್ತು? ಎತ್ತಿಕೊಂಡು ಬಾಯಿಗಿಟ್ಟೆ. ಗಟಗಟ ಕುಡಿಯಿತು. "ಅರೆ, ನಮ್ಮ ಸಾವಕಾಶಳಿಗೆ ಇವತ್ತು ಚುರುಕು ಬಂತು" ಎಂದು ನನಗೆ ಹೆಮ್ಮೆ ಬೇರೆ.

ಹೊಟ್ಟೆಗಿಲ್ಲದ ಸಾವಕಾಶ ತನ್ನ ಸ್ವಭಾವದಂತೆ ಸಾವಕಾಶವಾಗಿ ಎಚ್ಚರಗೊಂಡು, ಸೂರು ಹಾರುವ ಹಾಗೆ ಕಿರುಚಿದಳು. ಅದೇ ಹೊತ್ತಿಗೆ ಗಡಿಬಿಡಿ ಎರಡು ಬಾಟಲಿಯ ಹಾಲನ್ನು ನನ್ನ ಹೆಗಲ ಮೇಲೆ ಕಕ್ಕಿದಳು. ಅದೇ ಹೊತ್ತಿಗೆ ಬಾಗಿಲ ಗಂಟೆ ಬಡಿಯಿತು. ಬಂದವರು ಬೀಗಿತ್ತಿ, ಅಳಿಯನ ತಾಯಿ. ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸು. ಅವರ ಊರಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ.

ಅವರು ಚಪ್ಪಲಿ ಬಿಟ್ಟವರೇ ಕೈ ತೊಳೆದು, ಎರಡರ ಕಾಲುಚೀಲವನ್ನೂ ಎಳೆದು ನೋಡಿದರು. "ಏನ್ ಬೀಗರೇ, ಗುರುತೂ ಹಾಕಿದ್ದೀರಿ, ಗುರುತಿನ ಮೇಲೆ ಚೀಲಾನೂ ಹಾಕಿದ್ದೀರಿ! ಒಂದಕ್ಕೆ ಹೊಟ್ಟೆ ಒಡೆಯೋ ಹಾಗೆ, ಇನ್ನೊಂದಕ್ಕೆ ತುಟಿ ಒದ್ದೆ ಇಲ್ಲ."

ನನ್ನ ಬಾಯಿಂದ ಬಂದದ್ದು "ಸಾರಿ" ಎಂಬ ಒಂದೇ ಶಬ್ದ. ನಾಲ್ಕು ವರ್ಷ ಕಲಿತ ಇಂಗ್ಲಿಷು ಅವತ್ತು ಅಷ್ಟಕ್ಕೇ ಉಪಯೋಗವಾಯಿತು.

ಸಂಜೆ ಅಳಿಯ ಹುಬ್ಬಿನ ಮೇಲೆ ಮೈದಾ ಹಿಟ್ಟು ಹೊತ್ತುಕೊಂಡು ಬಂದ. ಚಹಾ ಆಯಿತು. ಬೀಗಿತ್ತಿ ಲೋಟ ಕೆಳಗಿಟ್ಟು ಸೊಸೆಗೆ ಹೇಳಿದರು: "ನೋಡಮ್ಮ, ನಾನು ತಪ್ಪು ಹೇಳ್ತಿಲ್ಲ. ನಿನ್ನ ಮೈ ನೆಟ್ಟಗಿಲ್ಲ. ಇವನು ಬೆಳಕು ಹರಿಯೋ ಮೊದ್ಲು ಹೋಗ್ತಾನೆ. ನಿಮ್ಮಪ್ಪ ಪಾಪ, ಅವರ ಕೈಲಾದಷ್ಟು ಮಾಡ್ತಾರೆ. ಒಂದನ್ನ ನಾನು ಕರ್ಕೊಂಡು ಹೋಗ್ತೀನಿ. ಒಂದು ವರ್ಷ, ಅಷ್ಟೇ. ನೀನು ಚೇತರಿಸ್ಕೋ."

ಅಕ್ಕ, ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ಕಷ್ಟ. ಮಗಳು ಗೋಡೆಯ ಕಡೆ ತಿರುಗಿದಳು. ಆಮೇಲೆ "ಆಗ್ಲಿ ಅತ್ತೆ" ಎಂದಳು. ಅಷ್ಟು ದಣಿದಿದ್ದಳು. "ನಿನ್ನ ಕಾಲು ಕತ್ತರಿಸ್ತೀವಿ" ಎಂದು ಹೇಳಿದ್ದರೂ ಆಗಲಿ ಎನ್ನುತ್ತಿದ್ದಳೇನೋ.

ಅಳಿಯ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. "ಯಾವುದನ್ನ?" ಎಂದ.

ಎರಡೂ ಅಲ್ಲೇ ಚಾಪೆಯ ಮೇಲೆ ಕೈಕಾಲು ಆಡಿಸುತ್ತಿದ್ದವು. ಬೀಗಿತ್ತಿಯೇ ಕೊನೆಗೆ, "ನರ್ಸನ್ನ ಕೇಳೋಣ. ಯಾವುದು ಗಟ್ಟಿ ಅಂತಾಳೋ ಅದನ್ನ ನನಗೆ ಕೊಡಿ. ಮೆತ್ತಗಿರೋದು ತಾಯಿ ಹತ್ರ ಇರ್ಲಿ" ಎಂದರು.

"ಬೇಡ" ಎಂದೆ. ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಬಂತು.

"ಯಾಕೆ ಬೇಡ ಬೀಗರೇ?"

"ನಮ್ಮ ಮನೇಲೂ ಒಂದು ವರ್ಷ ಅಂತಲೇ ಕಳಿಸಿದ್ರು. ನಮ್ಮಮ್ಮನಿಗೆ ಇಬ್ರಿಗಾಗೋಷ್ಟು ಹಾಲಿರ್ಲಿಲ್ಲ. ಚಿಕ್ಕಮ್ಮ ತನ್ನ ಕೂಸು ಕಳ್ಕೊಂಡು ಎದೆ ತುಂಬಿ ಕೂತಿದ್ಲು. ನಮ್ಮಕ್ಕನ್ನ ಅವಳ ಮಡಿಲಿಗೆ ಹಾಕಿದ್ರು. ವರ್ಷ ಆಯ್ತು. ಚಿಕ್ಕಮ್ಮ ಕೊಡ್ಲಿಲ್ಲ, ಅಮ್ಮ ಕೇಳ್ಲಿಲ್ಲ."

"ಸೋದರತ್ತೆ ಅಲ್ಲಿ ಬೆಳೆದ್ರು ಅಂತ ಗೊತ್ತಿತ್ತು. ಹೀಗೆ ಅಂತ ನೀವು ಯಾವತ್ತೂ ಹೇಳ್ಲೇ ಇಲ್ವಲ್ಲಪ್ಪ" ಎಂದಳು ಮಗಳು.

ಬೀಗಿತ್ತಿಯ ಮುಖ ಸಣ್ಣದಾಯಿತು. ಆದರೂ ಅವರು ಸುಮ್ಮನೆ ಬಿಡುವವರಲ್ಲ. "ನಾನೇನು ಇಟ್ಕೊಂಡುಬಿಡ್ತೀನಾ? ಆಯ್ತು, ಇಲ್ಲೇ ಇರ್ಲಿ. ನೀವು ಒಂದಕ್ಕೇ ಎರಡು ಸಲ ಕುಡಿಸ್ತಾ ಇರಿ."

"ನನಗೆ ಸರಿಯಾಗಿ ಬರಲ್ಲ, ಒಪ್ಪಿದೆ. ಬರೋರು ಇಲ್ಲಿಗೆ ಬರ್ಲಿ. ಕೂಸು ಯಾಕೆ ಹೋಗ್ಬೇಕು?"

"ನಾನಾ? ಶಾಲೆ ಶುರುವಾಗೋ ಹೊತ್ತು. ಮನೆ ತುಂಬ ಕತ್ತರಿಸಿಟ್ಟ ಬಟ್ಟೆ ಇದೆ. ಮಷೀನನ್ನ ತಲೆ ಮೇಲೆ ಹೊತ್ಕೊಂಡು ಬರ್ಲಾ?"

"ತಲೆ ಮೇಲ್ಯಾಕಮ್ಮ? ಬೇಕರಿ ವ್ಯಾನ್ ಕೇಳ್ತೀನಿ" ಎಂದು ಅಳಿಯ ಎದ್ದೇಬಿಟ್ಟ. ಅವನು ಅಷ್ಟು ಚುರುಕಾಗಿ ಎದ್ದದ್ದನ್ನು ನಾನು ನೋಡಿರಲಿಲ್ಲ.

ಬುಧವಾರ ಮಷೀನು ಬಂತು. ವ್ಯಾನಿನ ಕೃಪೆಯಿಂದ ಸಮವಸ್ತ್ರಗಳಿಗೆಲ್ಲ ಬನ್ನಿನ ವಾಸನೆ. ನಡುಮನೆಯಲ್ಲಿದ್ದ ನನ್ನ ಮಂಚ ಅಡುಗೆಮನೆಯ ಮಗ್ಗುಲಿಗೆ ಹೋಯಿತು, ಅದರ ಜಾಗದಲ್ಲಿ ಮಷೀನು ಕೂತಿತು. ಮಷೀನಿನ ಜೊತೆ ಬಂದ ಬೀಗಿತ್ತಿ ಕೂಡಲೇ ನನ್ನ ಸಿಸ್ಟಮ್ಮನ್ನು ರದ್ದುಮಾಡಿದರು. ಈಗಿನ ಕಾನೂನು ಇದು: ಕುಡಿದು ತೇಗಿದ ಕೂಸನ್ನು ಮಲಗಿಸಿದವರು, ಎರಡನೆಯದೂ ಕುಡಿದು ತೇಗುವ ತನಕ, ಬೇರೆ ಕೆಲಸಕ್ಕೆ ಕೈ ಹಾಕಬಾರದು, ಬಾಗಿಲು ತೆರೆಯಬಾರದು, ಹಾಸಿಗೆ ಒದ್ದೆಯಾದರೆ ಕೂಗಿ ಇನ್ನೊಬ್ಬರನ್ನು ಕರೆಯಬೇಕು. ಮತ್ತು ಕಾಲುಚೀಲ ನಿಷೇಧ. ಇಷ್ಟೆಲ್ಲ ಮಾಡಿದವರು ಇವತ್ತು ಬೆಳಿಗ್ಗೆ ತಾವೇ ಗಡಿಬಿಡಿಯನ್ನು "ಸಾವಕಾಶ" ಎಂದು ಕರೆದು ನಾಲಿಗೆ ಕಚ್ಚಿಕೊಂಡರು. ನಾನು ಸುಮ್ಮನೆ ಕೆಮ್ಮಿದೆ. "ಕೆಮ್ಮಿದ್ದು ಸಾಕು ಬೀಗರೇ, ನೀರು ಕುದೀತಿದೆ ನೋಡಿ" ಎಂದರು.

ಮಧ್ಯಾಹ್ನ ನಾನು ಸಾವಕಾಶಳ ಬಾಟಲಿ ತಂದಾಗ ಮಗಳು ಮಂಚದ ಮೇಲೆ ಒರಗಿ ಕೂತಿದ್ದಳು. "ಇಲ್ಲಿ ಕೊಡಿ" ಎಂದು ಕೈ ಚಾಚಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳಾಗಿ ಕೇಳಿದ್ದು ಇದೇ ಮೊದಲು. ಹೊಲಿಗೆಗೆ ತಾಗದಂತೆ ದಿಂಬು ಇಟ್ಟುಕೊಂಡು ಕುಡಿಸಿದಳು. ನಾವೆಲ್ಲ ಬೇಕಂತಲೇ ಬೇರೆ ಬೇರೆ ಕೆಲಸ ಮಾಡುವವರಂತೆ ನಟಿಸಿದೆವು. ಬೀಗಿತ್ತಿ ದಾರವಿಲ್ಲದ ಮಷೀನನ್ನು ತುಳಿಯುತ್ತಿದ್ದರು. ತುಂಬ ಹೊತ್ತಾದ ಮೇಲೆ ಒಳಗಿನಿಂದ "ಬಂತಪ್ಪಾ!" ಎಂದು ಕೂಗಿದಳು. ನಾನು ಅಡುಗೆಮನೆಗೆ ಹೋಗಿ, ತೊಳೆದಿದ್ದ ಬಾಟಲಿಯನ್ನೇ ಇನ್ನೊಮ್ಮೆ ತೊಳೆದೆ.

ಇಲ್ಲಿಯ ಸಮಾಚಾರ ಇಷ್ಟು. ನಿನ್ನ ಮಂಡಿನೋವಿಗೆ ಎಣ್ಣೆ ಬಿಟ್ಟು ಡಾಕ್ಟರ ಹತ್ತಿರ ಹೋಗು, ನನ್ನ ಮಾತು ಕೇಳು. ನಿನ್ನ ಮೊಮ್ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನಿನಗೆ ಮಾಡುವ ಅಧಿಕಾರ ನನಗಿಲ್ಲ, ನೀನು ಕಾಲು ಗಂಟೆಗೆ ದೊಡ್ಡವಳು. ನೀನೇ ಈ ಎರಡು ಕೂಸಿನ ತಲೆಯ ಮೇಲೆ ಅಲ್ಲಿಂದಲೇ ಒಮ್ಮೆ ಕೈಯಿಡು. ಎರಡರ ಮೇಲೂ.

ಇಂತಿ ನಿನ್ನ
ತಮ್ಮ

ಪಿ.ಎಸ್. ಎಂದು ಕಾಲೇಜಿನಲ್ಲಿ ಬರೆಯುತ್ತಿದ್ದೆವು, ಬಿಡಿಸಿ ಹೇಳು ಎಂದರೆ ಈಗ ಬಾರದು. ಕವರು ಅಂಟಿಸುವ ಮೊದಲು ಇದೊಂದು.

ನೀನು ಗಟ್ಟಿ, ನಾನು ಮೆತ್ತಗೆ, ಅದಕ್ಕೇ ನಿನ್ನನ್ನು ಕಳಿಸಿದರು: ನಮ್ಮಿಬ್ಬರಿಗೂ ಹೇಳಿದ್ದು ಇದನ್ನೇ ಅಲ್ಲವೇ? ನಾನು ಇಷ್ಟು ವಯಸ್ಸಾಗುವ ತನಕ ನಂಬಿದ್ದೆ. ನರ್ಸಮ್ಮ ಬಂದಾಗಲೆಲ್ಲ ಇವೆರಡನ್ನು ತೂಗುತ್ತಾಳೆ, ನಾನು ಪಕ್ಕದಲ್ಲೇ ನಿಂತು ಮುಳ್ಳು ನೋಡುತ್ತೇನೆ. ಒಂದು ವಾರ ಗಡಿಬಿಡಿ ಮುಂದು, ಇನ್ನೊಂದು ವಾರ ಸಾವಕಾಶ. ಇಷ್ಟು ಸಣ್ಣ ಕೂಸಿನಲ್ಲಿ ಗಟ್ಟಿ ಯಾವುದು ಮೆತ್ತಗೆ ಯಾವುದು ಎಂದು ಹೇಳಲು ಯಾರಿಗೂ ಬಾರದು ಅಕ್ಕ.

ಇಲ್ಲಿ ಎರಡೂ ಹೆಣ್ಣು. ಅದಕ್ಕೇ ಅಳಿಯ "ಯಾವುದನ್ನ?" ಎಂದಾಗ ಎಲ್ಲರ ಬಾಯಿ ಕಟ್ಟಿಹೋಯಿತು. ನಮ್ಮಲ್ಲಿ ನೀನು ಹೆಣ್ಣು, ನಾನು ಗಂಡು. ಆ ದಿನ ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿಯೇ ಇರಲಿಕ್ಕಿಲ್ಲ.

ನಿನಗಿದು ಯಾವಾಗಲೋ ಗೊತ್ತಾಗಿತ್ತು, ಹೌದಲ್ಲವೇ? ಗೊತ್ತಿದ್ದೂ, ಹೆತ್ತವಳನ್ನು ದೊಡ್ಡಮ್ಮ ಎಂದು ಕರೆಯುತ್ತ, ಅವಳು ಬದುಕಿರುವ ತನಕ ಒಂದು ಕಾಗದದಲ್ಲೂ ಬಿಡದೆ "ದೊಡ್ಡಮ್ಮ ಹೇಗಿದ್ದಾರೆ?" ಎಂದು ಕೇಳಿದೆ. ನಾನು ಪ್ರತಿ ಸಲ "ಅಮ್ಮ ಚೆನ್ನಾಗಿದ್ದಾಳೆ" ಎಂದು ಬರೆದೆ.