ಕೆಂಪು ಬಂದ ಮೇಲೆ

ಸಾಲಿಗ್ರಾಮದ ಅತ್ತೆಗೆ,

ನಮಸ್ಕಾರ. ಈ ಕಾಗದವನ್ನು ನಿಮ್ಮ ಮಗಳು ಶ್ರೀವಾಣಿ ಓದಿ ಹೇಳುತ್ತಾಳೆ. ಕೊನೆಯವರೆಗೂ ಓದಿಸಿ ಕೇಳಿ.

ಮನೆಗೆ ಎಲ್‌ಇಡಿ ಬಲ್ಬು ಹಾಕಿಸಿದ ಸಂಜೆ ನೀವು ಕನಕಾಂಬರ ಹೂ ಕಟ್ಟುತ್ತಾ ರೇಗಿದ್ದಿರಿ. "ಎಂತ ಬೆಳಕ್ ಮಾರಾಯ್ತಿ ಇದ್! ಅಬ್ಬಲಿಗೆ ಸೈತ ಬೂದಿ ಕಂಡಾಂಗ್ ಕಾಂತ್." ಹೂವಿನ ಬಣ್ಣ ಕೆಡಿಸದ, ಕರೆಂಟೂ ಉಳಿಸುವ ಬಲ್ಬು ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ. ಲ್ಯಾಬಿನಲ್ಲಿ ನನ್ನ ಕೆಲಸವೇ ಅದು. ಕ್ವಾಂಟಮ್ ಡಾಟ್ ಎಂಬ ಅತಿ ಸಣ್ಣ ಕಣಗಳು ಬಲ್ಬಿನ ನೀಲಿಯನ್ನು ನುಂಗಿ ಕೆಂಪು ಕೊಡುತ್ತವೆ. ಕ್ಯಾಡ್ಮಿಯಮ್ ಬಳಸಿದ್ದರೆ ಆ ಕೆಂಪು ತಿಂಗಳೊಳಗೆ ಸಿಗುತ್ತಿತ್ತು. ಆದರೆ ಅದು ವಿಷ, ಮತ್ತು ಒಡೆದ ಬಲ್ಬನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕುವವರು ನೀವು. ವಿಷ ಕಡಿಮೆಯಿರುವ ಇಂಡಿಯಮ್ ಹಿಡಿದೆ. "ಕಡ್ಮಿ ವಿಷ ಅಂದ್ರೆ ಎಂತದ್ದೇ? ಕಡ್ಮಿ ಸುಳ್ಳ್ ಅಂದಾಂಗಾ?" ಎಂದು ನಕ್ಕಿರಿ. ಮೂರು ವರ್ಷ ಹೋಯಿತು.

ಕಳೆದ ಮಳೆಗಾಲದಲ್ಲಿ ಫೋನ್ ಮಾಡಿದಿರಿ. "ಕಣ್ಣಿನ್ ದೀಪ ದೊಡ್ಡದಾತಾ ಇತ್ತ್, ಶಾಂಭವಿ. ಶ್ರೀವಾಣಿಗೆ ಹೇಳ್ಬೇಡ." ನನ್ನೆದುರು ಫ್ಲಾಸ್ಕಿನಲ್ಲಿ ಬಣ್ಣ ತಿರುಗುತ್ತಿತ್ತು. "ಒಳ್ಳೆಯದಾಯಿತು ಅತ್ತೆ" ಎಂದೆ. ನೀವು "ಆಯ್ತ್, ನಿನ್ ಕೆಲಸ ಕಾಣ್" ಎಂದಿರಿ.

ಕಳೆದ ವಾರ ಬಲ್ಬು ತಂದು ಹಾಕಿದೆ. ನಿಮ್ಮ ಮಡಿಲಲ್ಲಿ ಅಬ್ಬಲಿಗೆ ಕೆಂಡದಂತೆ ಹೊಳೆಯಿತು. ನೀವು ಮುಖ ತಿರುಗಿಸಿದ್ದು ಸ್ವಿಚ್ಚಿನ ಸದ್ದಿನ ಕಡೆಗೆ. "ಚಂದ ಇತ್ತ್" ಎಂದಿರಿ. ಆ ಮನೆಯ ಪ್ರತಿ ಹೊಸ್ತಿಲೂ ನಿಮ್ಮ ಕಾಲಿಗೆ ಗೊತ್ತಿತ್ತು. ಹಾಗಾಗಿ ನಿಮಗೆ ಕಣ್ಣು ಕಾಣುತ್ತಿಲ್ಲವೆಂದು ಅಲ್ಲಿಯವರೆಗೆ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.

ಆರು ತಿಂಗಳು ಮೊದಲೇ ಬಂದಿದ್ದರೆ ಸ್ವಲ್ಪವಾದರೂ ದೃಷ್ಟಿ ಉಳಿಸಬಹುದಿತ್ತು ಎಂದರು ಕುಂದಾಪುರದ ಕಣ್ಣಿನ ಡಾಕ್ಟರು. ಹೊರಗೆ ಬಂದು, "ಕಣ್ಣಿನ ದೀಪ ದೊಡ್ಡದಾಗ್ತಿದೆ ಅಂದಿದ್ದರಲ್ಲ" ಎಂದೆ. ಶ್ರೀವಾಣಿ ನನ್ನನ್ನೇ ನೋಡಿದಳು. ನಮ್ಮಲ್ಲಿ ದೀಪ ಆರಿತು ಎನ್ನಬಾರದು ಅತ್ತಿಗೆ, ದೊಡ್ಡದಾಯಿತು ಎನ್ನಬೇಕು ಎಂದಳು.

ನಾನು ಮುಂಬೈಯ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು, ತಿಳಿಯಲಿಲ್ಲ ಎನ್ನಬಹುದು. ಆದರೆ ಒಳ್ಳೆಯ ಸುದ್ದಿಯನ್ನು ಯಾರಾದರೂ ಮಗಳಿಂದ ಮುಚ್ಚಿಡುತ್ತಾರೆಯೇ? ಅಷ್ಟನ್ನೂ ನಾನು ಯೋಚಿಸಲಿಲ್ಲ. ಇಡೀ ಮನೆಯಲ್ಲಿ ನೀವು ಹೇಳಿಕೊಂಡದ್ದು ನನ್ನೊಬ್ಬಳಿಗೆ.

ಶನಿವಾರ ಬರುತ್ತೇನೆ. ಆಶೀರ್ವಾದ ಕೇಳುವ ಮುಖವಿಲ್ಲ. ಬೈಯಿರಿ ಅತ್ತೆ, ಮನಸ್ಸು ತುಂಬುವಷ್ಟು ಬೈಯಿರಿ. "ಇರ್ಲಿ ಬಿಡ್" ಎಂದು ಮಾತ್ರ ಅನ್ನಬೇಡಿ.

ನಿಮ್ಮ ಪಾದ ಮುಟ್ಟಿ,
ಸೊಸೆ ಶಾಂಭವಿ