ಕಿವಿಯೊಳಗಿನ ಜೀರುಂಡೆ

ಮಲ್ಲೇಶ್ವರಿ,

ನೀನು ತೀರಿಹೋಗಿ ವರ್ಷವಾದ ಮೇಲೆ, ಇವತ್ತು ಮಧ್ಯಾಹ್ನ ನಿನ್ನ ಜೀರುಂಡೆಯನ್ನು ಮಾಡಿದೆ. ಒಂದು ಐಸಿ ಚಿಪ್, ಎರಡು ಕೆಪ್ಯಾಸಿಟರ್, ಹಳೆಯ ರೇಡಿಯೋದ ಸ್ಪೀಕರ್. ಕಾಲೇಜಿನಲ್ಲಿ ಇಂಥ ಸದ್ದು ಹುಟ್ಟಿಸುವ ಸರ್ಕ್ಯೂಟಿಗೆ ‘ಆಸಿಲೇಟರ್’ ಅಂತಿದ್ದರು, ಸ್ಪೆಲಿಂಗ್ ನೆನಪಿಲ್ಲ. ನೀನು ಬಾಯಿಂದ ಮಾಡಿ ತೋರಿಸಿದ್ದ ಆ ‘ಜಿರ್‍ರ್’ ಬರುವತನಕ ಗುಂಡಿ ತಿರುವಿದೆ.

ಅಂದು ನೀನು “ಕಿವ್ಯಾಗ ಜೀರುಂಡಿ ಒದರಾಕತ್ತಾದ್ರಿ” ಅಂದಾಗ ನಾನು ಪೇಪರಿನಿಂದ ತಲೆ ಎತ್ತದೆ ‘ಇಮ್ಯಾಜಿನೇಶನ್’ ಅಂದಿದ್ದೆ. ನೀನು ಅದು ಯಾವುದೋ ಕಾಯಿಲೆಯ ಹೆಸರೆಂದು ತಿಳಿದು, “ಅದಕ್ಕ ಗುಳಗಿ ಅದಾವೇನ್ರಿ?” ಎಂದು ಕೇಳಿದೆ. ನಾನು ನಕ್ಕುಬಿಟ್ಟೆ.

ಇವತ್ತು ಅದಿನ್ನೂ ಕೂಗುತ್ತಿದ್ದಾಗಲೇ ವಡಗೇರಾದಿಂದ ನಮ್ಮ ಮಗಳು ಪರಿಮಳಾ ಬಂದಳು. “ಅಪ್ಪಾ, ಜೀರುಂಡಿ ಹೊಕ್ಕಾದ, ನಿನಗ ಕೇಳಸವಲ್ದೇನು?” ಎಂದವಳೇ, ಕೈಚೀಲವನ್ನೂ ಇಳಿಸದೆ ಜೋಳದ ಡಬ್ಬಿ ಸರಿಸಿ, ಮೊಣಕಾಲೂರಿ ಹುಡುಕತೊಡಗಿದಳು.

ನಾನು ಬ್ಯಾಟರಿ ತೆಗೆಯಲಿಲ್ಲ. ನಿನ್ನ ಜೀರುಂಡೆಯನ್ನು ಒಬ್ಬರಾದರೂ ಹುಡುಕಲಿ ಅಂತ.