ಚುಕ್ಕೆ ಇಟ್ಟ ತಟ್ಟೆ

೯ ಜನವರಿ ೧೯೮೮, ಶನಿವಾರ

ಮಸ್ಕತ್ತಿನ ಆಫೀಸು. ಬೋನಿಫಾಸನ ವರ್ಗಾವಣೆ ಪತ್ರ ಟೈಪ್ ಮಾಡಿದೆ. ಟಾಂಜಾನಿಯಾದ ಎಲೆಕ್ಟ್ರಿಷಿಯನ್. ಅವನ ಗ್ರೇಡಿನವರೆಲ್ಲ ಅಲ್ ಅಜೈಬಾದ ಕಂಪನಿ ಮನೆಗಳಲ್ಲಿ. ಅವನೊಬ್ಬ ಎರಡು ವರ್ಷದಿಂದ ಬರ್ಕಾದ ಲೇಬರ್ ಕ್ಯಾಂಪಿನಲ್ಲಿ. ನಾಲ್ಕು ಅರ್ಜಿ ಬರೆದ. ಕೊನೆಯದರಲ್ಲಿ ಒಂದೇ ಸಾಲು — ‘ಕಾರಣ ನನ್ನ ಬಣ್ಣವಾದರೆ ಹಾಗೆಂದು ಬರೆದು ಕೊಡಿ.’ ಮ್ಯಾನೇಜರ್ ಒಪ್ಪಿದರು. ನಾವು ನಾಲ್ವರಿರುವ ಮನೆಗೇ. ಒಂದು ತಿಂಗಳು ಟ್ರಯಲ್, ಮನೆಯವರ ಆಕ್ಷೇಪ ಬಾರದಿದ್ದರೆ ಖಾಯಂ.

ಸಂಜೆ ಅನುವಾದಿತ ಕಾದಂಬರಿ. ಕರಿಯನೊಬ್ಬನನ್ನು ಹೋಟೆಲಿನ ಮೇಜಿನಿಂದ ಎಬ್ಬಿಸುವ ಪುಟ. ಮುಂದೆ ಓದಲಾಗಲಿಲ್ಲ.

೧೨ ಜನವರಿ, ಮಂಗಳವಾರ

ಬೋನಿಫಾಸ್ ಬಂದ. ಒಂದು ಟ್ರಂಕು, ಒಂದು ಇಸ್ತ್ರಿಪೆಟ್ಟಿಗೆ. ನಮ್ಮ ಅಡುಗೆಯವ ಅಂಗಾರ ಇನ್ನೊಂದು ಪಾವು ಅಕ್ಕಿ ತೊಳೆದ. ಮನೆಯ ಜೊತೆಗಾರ ಹೆರಾಲ್ಡ್ ನನ್ನನ್ನು ಬದಿಗೆ ಕರೆದ.

“ಮೆಸ್ಸು ನಿಮ್ಮ ಚಾರ್ಜಲ್ವಾ? ಅವನಿಗೊಂದು ತಟ್ಟೆ ಬೇರೆ ಇಡಿ ಮಾರಾಯ್ರೆ. ದೊಡ್ಡದು ಮಾಡುವುದು ಬೇಡ.”

ಇಟ್ಟೆ. ಬೆರೆತುಹೋಗದಂತೆ ಹಿಂಬದಿಗೆ ಡಿವೈಡರಿನ ಮೊನೆಯಿಂದ ಒಂದು ಚುಕ್ಕೆ. ನೀಟಾಗಿ ಬಂತು.

೫ ಫೆಬ್ರವರಿ, ಶುಕ್ರವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಊಟಕ್ಕೆ ಕೂತೆವು. ಬಡಿಸುತ್ತಿದ್ದ ಅಂಗಾರ ಬೋನಿಫಾಸನ ತಟ್ಟೆ ತಿರುಗಿಸಿ ನೋಡಿದ.

“ಇದು ಯಾರು ಹಾಕಿದ್ದು, ಪಾಸ್ಕಲ್ ಸರ್?”

“ನಾನು. ಗುರುತಿಗೆ.”

“ಊರಲ್ಲಿ ನನಗೆ ತೆಂಗಿನ ಗೆರಟೆಯಲ್ಲಿ ಹಾಕ್ತಿದ್ರು. ನೀವು ಸ್ಟೀಲಲ್ಲಿ ಕೊಟ್ಟಿದ್ದೀರಿ. ಅಡ್ಡಿಲ್ಲ.”

ತನ್ನ ತಟ್ಟೆ ತಂದು ಬೋನಿಫಾಸನಿಗೆ ಬಡಿಸಿದ. ಚುಕ್ಕೆಯದನ್ನು ತಾನಿಟ್ಟುಕೊಂಡು ಮೇಜಿಗೇ ಕೂತ. ಆರು ವರ್ಷ ಅಡುಗೆಮನೆಯ ನೆಲದಲ್ಲಿ ಉಂಡವನು… ನಾನು ಒಮ್ಮೆಯೂ ನೋಡಿರಲಿಲ್ಲ.

ಬೋನಿಫಾಸ್ ಕೈಚಾಚಿ ಆ ತಟ್ಟೆಯ ಅಡಿಯ ಚುಕ್ಕೆಯ ಮೇಲೆ ಬೆರಳಾಡಿಸಿದ. ಇಂಗ್ಲಿಷಿನಲ್ಲಿ ಅಂದ, “ಕ್ಯಾಂಪಿನಲ್ಲಿ ಬಾಯಲ್ಲೇ ಹೇಳುತ್ತಿದ್ದರು. ಇದು ಬಹಳ ನೀಟಾಗಿದೆ.”

ನನ್ನ ಕೈ ತಟ್ಟೆಯಲ್ಲೇ ಒಣಗಿತು.

೬ ಫೆಬ್ರವರಿ, ಶನಿವಾರ. ೧೨-೪೦

ಆಫೀಸಿನ ಮೇಜಿನ ಮೇಲೆ ಆಕ್ಷೇಪಣೆ ಪತ್ರ. ‘ಆಹಾರ ಪದ್ಧತಿ ಹೊಂದುವುದಿಲ್ಲ.’ ಹೆರಾಲ್ಡ್, ವಿಕ್ಟರ್, ಮ್ಯಾಕ್ಸಿಮ್ — ಮನೆಯ ಉಳಿದ ಮೂವರದೂ ಸಹಿ ಆಗಿದೆ. ನಾಲ್ಕನೆಯ ಗೆರೆ ನನ್ನದು. ಮನೆಯ ಎಲ್ಲರ ಸಹಿ ಇದ್ದರೆ ಮಾತ್ರ ಊರ್ಜಿತ. ನಾನು ಹಾಕಿದರೆ ಅವನು ಮತ್ತೆ ಬರ್ಕಾಕ್ಕೆ. ಒಂದು ಗಂಟೆಗೆ ಮ್ಯಾನೇಜರ್ ಕೇಳುತ್ತಾರೆ.

ಅದೇ ಮನೆಯಲ್ಲಿರುವ ಅಂಗಾರನ ಹೆಸರಿಗೆ ಗೆರೆಯೇ ಇಲ್ಲ. ಎಳೆದೆ. ಐದನೆಯದು. ನನ್ನ ಗೆರೆಯ ಮೇಲೆ ಬರೆದೆ — ‘ಆಕ್ಷೇಪವಿಲ್ಲ. ಅವನ ತಟ್ಟೆ ಬೇರೆ ಮಾಡಿದವನು ನಾನು.’

ಸಹಿ ಬಾಕಿ. ಹೆರಾಲ್ಡ್ ಎದುರಿಗೆ ಬಂದು ನಿಂತಿದ್ದಾನೆ.

“ಎಂತ ಬರೀತಾ ಇದ್ದೀರಿ? ಒಂದು ಸಹಿ ಹಾಕಿ, ಖಲಾಸ್.”

ಹಾಕುತ್ತೇನೆ, ನಾನು ಬರೆದದ್ದರ ಕೆಳಗೆ. ಅವನು ಓದಲಿ. ಓದಿದ ಮೇಲೆ—